ಹಲ್ಲಪ್ಪ ಆಡಿದ ಆಟ

ಹಲ್ಲಪ್ಪ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಕಟ್ಟುಹಲ್ಲು ಮಾಡುವ ಕಸುಬಿನವನಿಗೆ ಭಾನುವಾರದ ಗುಂಪಿನವರು ಅಂಟಿಸಿದ ಹೆಸರು. ಅಂಟಿಸಿದ್ದು ಬಿಡಲೇ ಇಲ್ಲ. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸುವುದು ಅವನ ಕೆಲಸ. ಲ್ಯಾಬಿನ ಹಿಂಬದಿಯ ಕೋಣೆ, ಒಂದು ಕಿಟಕಿ, ಒಂದು ಸ್ಟೂಲು. ವಾರಕ್ಕೆ ಆರು ದಿನ ಕಂಡವರ ಹಲ್ಲು ಹಿಡಿದುಕೊಂಡು ಕೂರುವ ಮನುಷ್ಯ, ತನ್ನ ಹಲ್ಲು ಬಿಟ್ಟು ನಗುತ್ತಿದ್ದುದು ಏಳನೆಯ ದಿನ ಮಾತ್ರ.

ಏಳನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಗಡಿಯಾರ ರಿಪೇರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಆರು ಕುರ್ಚಿ ಹಾಕುತ್ತಿದ್ದರು. ವಿಡಿಯೋ ಗೇಮಿನ ಹುಚ್ಚು ಹತ್ತಿದವರು ಆರು ಜನ. ಚಿಕ್ಕವರೇನಲ್ಲ ಮತ್ತೆ! ಅಂಗಡಿಯ ಯಜಮಾನರು, ಅಂದರೆ ಗಡಿಯಾರದವರು, ಅರವತ್ತು ದಾಟಿದವರು. ಆಸ್ಪತ್ರೆಯ ನರ್ಸಮ್ಮನ ತಲೆಯಲ್ಲಿ ಕರಿ ಕೂದಲು ಹುಡುಕಬೇಕು. ಲಾರಿ ಡ್ರೈವರಿಗೆ ಅಳಿಯ ಬಂದಿದ್ದಾನೆ. ಇವರು ಅಲ್ಲಿ ಆಡುತ್ತಿರಲಿಲ್ಲ, ಆಡಿದ್ದನ್ನು ಹೇಳುತ್ತಿದ್ದರು. ತಲಾ ಹತ್ತು ನಿಮಿಷ. ಯಾವ ಗೇಮ್, ಎಲ್ಲಿ ಬೆವರಿದೆ, ಎಲ್ಲಿ ಬೇಜಾರಾಯಿತು, ಎಲ್ಲಿ ಎದ್ದು ನಿಂತೆ, ಹೀಗೆ. ಗಡಿಯಾರದವರ ಕಟ್ಟಳೆ ಮೂರು. ತಾನೇ ಆಡಿದ್ದನ್ನು ಮಾತ್ರ ಹೇಳಬೇಕು. ಒಮ್ಮೆ ಹೇಳಿದ ಗೇಮನ್ನು ಮತ್ತೆ ಹೇಳುವಂತಿಲ್ಲ. ಮೂರು ಭಾನುವಾರ ಬಾಯಿ ಬಿಡದೆ ಕೂತವರ ಕುರ್ಚಿ, ಕಾಯುತ್ತಿರುವವರಿಗೆ ಹೋಗುತ್ತದೆ. ಕಾಯುವವರೂ ಇದ್ದರು ಎಂದರೆ ನಂಬಬೇಕು.

ಹನ್ನೆರಡು ವರ್ಷದಲ್ಲಿ ಹಲ್ಲಪ್ಪನಷ್ಟು ಚೆನ್ನಾಗಿ ಹೇಳಿದವರು ಇನ್ನೊಬ್ಬರಿಲ್ಲ. ಅವನು ಬಾಯಿ ತೆರೆದರೆ ಡ್ರೈವರ್ ಕೈಲಿದ್ದ ಟೀ ಆರಿ ಹೋಗುತ್ತಿತ್ತು. ಹಿಮದ ಕಣಿವೆ, ಮುಳುಗಿದ ನಗರ, ನೂರು ಮೆಟ್ಟಿಲ ಗೋಪುರ, ಎಲ್ಲವನ್ನೂ ಕಣ್ಣಿಗೆ ಕಟ್ಟಿಕೊಡುತ್ತಿದ್ದ.

ಅವನು ಒಂದೇ ಒಂದು ಗೇಮನ್ನೂ ಆಡಿರಲಿಲ್ಲ.

ಹೌದು, ಒಂದನ್ನೂ! ಹನ್ನೆರಡು ವರ್ಷದ ಹಿಂದೆ ಆಸೆಪಟ್ಟು ಗೇಮಿನ ಪೆಟ್ಟಿಗೆ ತಂದವನು ಅವನೇ. ಒಂದು ವಾರ ಹೆಣಗಾಡಿದ. ಸೂಜಿಮೊನೆಯಷ್ಟು ಹಲ್ಲಿನ ತುದಿ ತಿದ್ದುವ ಕೈ, ಕಂಟ್ರೋಲರ್ ಹಿಡಿದೊಡನೆ ಗಡಗಡ ನಡುಗಿತು. ಗುಂಡಿಗಳು ಸರಿಯಿಲ್ಲ ಎಂದ, ಟಿವಿ ಸರಿಯಿಲ್ಲ ಎಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊನೆಗೆ ಸೋಫಾದ ಮೇಲೆ ಬಿಸಾಡಿದ್ದನ್ನು ಎತ್ತಿಕೊಂಡವಳು ಅಕ್ಕ. ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದ ಅಕ್ಕ, ಮದುವೆಯಾಗದ ಅಕ್ಕ, ಮೂಗಿನ ತುದಿಗೆ ಕನ್ನಡಕ ಜಾರಿಸಿಕೊಂಡು ಬಟಾಣಿ ಸುಲಿದಷ್ಟು ಸಲೀಸಾಗಿ ಎರಡು ದಿನದಲ್ಲಿ ಆಟ ಮುಗಿಸಿಬಿಟ್ಟಳು. ಪಕ್ಕದಲ್ಲಿ ಕೂತು ನೋಡಿದ್ದು ಇವನು. ಆ ಭಾನುವಾರ ಮೊದಲ ಸಲ ಗಡಿಯಾರದವರ ಕೋಣೆಗೆ ಹೋದಾಗ, “ನಾನು ಆಡಿದೆ” ಎಂಬ ಮಾತು ಬಾಯಿಂದ ಜಾರಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಅದನ್ನು ಹಿಂದಕ್ಕೆ ತಗೊಳ್ಳುವ ಧೈರ್ಯ ಯಾವ ಭಾನುವಾರವೂ ಬರಲಿಲ್ಲ.

ಹಾಗೇ ನಡೆದುಹೋಯಿತು. ಸಂಜೆ ಅವನು ಟೀ ಮಾಡಿಕೊಂಡು ಬರುವಷ್ಟರಲ್ಲಿ ಅಕ್ಕ ಆಟ ಶುರುಮಾಡಿರುತ್ತಿದ್ದಳು. ಅವಳು ಆಡುವುದು, ಇವನು ನೋಡುವುದು, ಭಾನುವಾರ ಹೋಗಿ ಹೇಳುವುದು.

ಈ ವರ್ಷ ಐವತ್ತಮೂರನೆಯ ವಯಸ್ಸಿನಲ್ಲಿ ಅಕ್ಕ ಮದುವೆಯಾದಳು. ಗಂಡ ಪುಸ್ತಕ ಕಟ್ಟುವ ಕೆಲಸದವರು, ರೈಲಿನಲ್ಲಿ ಆರು ಗಂಟೆ ದೂರದ ಊರು. ಒಳ್ಳೆಯ ಮನುಷ್ಯ. ಬೈಯೋಣ ಎಂದರೂ ಬಾವನಲ್ಲಿ ಒಂದು ಹುಳುಕು ಸಿಗಲಿಲ್ಲ. ಹೊರಡುವ ದಿನ ಅಕ್ಕ ಟಿವಿಯ ಮುಂದಿದ್ದ ಪೆಟ್ಟಿಗೆಯ ಧೂಳು ಒರೆಸಿ, “ನಿನ್ನ ಆಟ ನೀನೇ ಇಟ್ಕೊಳ್ಳೋ. ಹೊಸಾದೊಂದು ತರಿಸಿದ್ದೀನಿ, ಇನ್ನೂ ಬಿಚ್ಚಿಲ್ಲ” ಎಂದಳು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಹಲ್ಲು ಮಾಡುವವನಿಗೇ ಬಂದು ಬಡಿಯಿತು.

ಅಕ್ಕ ಹೋದ ಮೇಲಿನ ಮೊದಲ ಭಾನುವಾರ ಹಲ್ಲಪ್ಪ ಗಂಟಲು ಕಟ್ಟಿದೆ ಎಂದ. ಎರಡನೆಯ ಭಾನುವಾರ ತನ್ನ ಹತ್ತು ನಿಮಿಷವನ್ನು ನರ್ಸಮ್ಮನಿಗೆ ಬಿಟ್ಟುಕೊಟ್ಟು ದೊಡ್ಡಮನುಷ್ಯನಾದ. ಎದ್ದು ಹೊರಡುವಾಗ ಗಡಿಯಾರದವರು, “ಎರಡಾಯ್ತು ಹಲ್ಲಪ್ಪನೋರೇ” ಎಂದರು. ಅವರು ಗದರಿಸಿ ಹೇಳಲಿಲ್ಲ, ಗಡಿಯಾರಕ್ಕೆ ಕೀಲಿ ಕೊಡುವವರ ಹಾಗೆ ಮೆಲ್ಲಗೆ ಹೇಳಿದರು. ಆ ಕುರ್ಚಿಯೂ ಹೋದರೆ ಇಡೀ ವಾರದಲ್ಲಿ ಅವನು ಬಾಯಿ ಬಿಟ್ಟು ಮಾತಾಡುವ ಜಾಗ ಇನ್ನೊಂದಿಲ್ಲ. ಇಂಟರ್ನೆಟ್ಟಿನಲ್ಲಿ ಓದಿ ಒಪ್ಪಿಸೋಣ ಎಂದರೆ, ಅಲ್ಲಿರುವುದನ್ನೆಲ್ಲ ಆ ಐವರು ಅವನಿಗಿಂತ ಮೊದಲೇ ಓದಿ ಅರೆದು ಕುಡಿದವರು. ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು?

ಸೋಮವಾರ ಸಂಜೆ ಅವನು ಹೊಸ ಡಿಸ್ಕಿನ ಪ್ಲಾಸ್ಟಿಕ್ ಹರಿದ.

ತೆರೆಯ ಮೇಲೆ ಏನೇನೋ ಬರಹ ಬಂತು. ಕೈ ನಡುಕದಲ್ಲಿ ಯಾವುದೋ ಗುಂಡಿ ಒತ್ತಿದ, ಬರಹ ಹೋಯಿತು, ಪೀಡೆ ತೊಲಗಿತು ಎಂದುಕೊಂಡ. ಎತ್ತರದ ಗೋಡೆಯ ಒಂದು ಅಂಗಳ ಕಾಣಿಸಿತು. ಒಂದು ಬಾವಿ, ನಾಲ್ಕು ಸಾಲು ತರಕಾರಿ, ಮುಚ್ಚಿದ ದೊಡ್ಡ ಬಾಗಿಲು, ಬಾಗಿಲ ಪಕ್ಕದ ಕಲ್ಲಿನ ಮೇಲೆ ಒಬ್ಬ ಮುದುಕ. ಹಲ್ಲಪ್ಪ ಗೋಡೆಗೆ ಡಿಕ್ಕಿ ಹೊಡೆದ, ಬಾವಿಗೆ ಡಿಕ್ಕಿ ಹೊಡೆದ, ಅರ್ಧ ಗಂಟೆಯಾದ ಮೇಲೆ ಮುದುಕನ ಹತ್ತಿರ ಹೋಗಿ ನಿಂತ. ಮುದುಕ ತಲೆಯೆತ್ತಿ ಹೇಳಿದ: “ಬಂದ್ಯಾ? ಬಾ, ಕೂತ್ಕೋ. ಹೊರಡೋಕೆ ಏನ್ ಆತುರ?”

ಹಲ್ಲಪ್ಪ ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತ. ಬಂದ್ಯಾ ಎಂದು ಯಾರಾದರೂ ಕೇಳಿ ಹದಿನೈದು ದಿನವಾಗಿತ್ತು.

ಮಂಗಳವಾರ ಬಾವಿಯಿಂದ ನೀರು ಸೇದುವುದು ಕಲಿತ. ಬುಧವಾರ ಒಂದು ಸಾಲಿಗೆ ನೀರು ಹಾಕಿದ, ಗುರುವಾರ ಇನ್ನೊಂದಕ್ಕೆ. ಬೀಜ ಬಿತ್ತಿದ. ಮೊಳಕೆ ಬಂದಾಗ ಒಬ್ಬನೇ “ಎಲಾ ಇವನ!” ಎಂದು ಕೂಗಿದ, ತನ್ನ ದನಿಗೆ ತಾನೇ ಬೆಚ್ಚಿದ. ದಿನಾ ಸಂಜೆ ಲ್ಯಾಬಿನಿಂದ ಬಂದು ಕೈ ತೊಳೆದು ನೇರ ಮುದುಕನ ಹತ್ತಿರ ಹೋಗುತ್ತಿದ್ದ. ದಿನಾ ಅದೇ ಮಾತು. ದಿನಾ ಇವನಿಗೆ ಹಿತವಾಗುತ್ತಿತ್ತು. ಶನಿವಾರ ಕೈ ನಡುಗಲೇ ಇಲ್ಲ.

ಭಾನುವಾರ ಅವನು ಹೇಳಿದ. ದೇವರಾಣೆಗೂ ಅಷ್ಟು ಚೆನ್ನಾಗಿ ಅವನು ಎಂದೂ ಹೇಳಿರಲಿಲ್ಲ.

“ಈ ಗೇಮಲ್ಲಿ ಯಾರೂ ಯಾರನ್ನೂ ಕೊಲ್ಲೋದಿಲ್ಲ” ಎಂದು ಶುರುಮಾಡಿದ. “ಒಂದು ಅಂಗಳ ಇದೆ ನೋಡಿ. ಹೊರಗೆ ಏನಿದೆಯೋ ಗೊತ್ತಾಗಲ್ಲ, ಗೊತ್ತಾಗೋದು ಬೇಕಾಗೂ ಇಲ್ಲ. ನೀರು ಸೇದೋದು, ಗಿಡಕ್ಕೆ ಹಾಕೋದು. ಒಬ್ಬ ಅಜ್ಜ ಕೂತಿರ್ತಾನೆ. ಹತ್ತಿರ ಹೋದರೆ ಬಂದ್ಯಾ ಅಂತಾನೆ. ಮೊದಲ್ನೇ ದಿನ ಅದೇನು ಅನ್ಸಲ್ಲ. ಮೂರ್ನೇ ದಿನದಿಂದ ನೀವು ಆ ಮಾತಿಗೋಸ್ಕರಾನೇ ಹೋಗ್ತೀರ. ದಿನವಿಡೀ ಅದೊಂದೇ ಕಾಯ್ತಿರ್ತೀರ.”

ಡ್ರೈವರ್ ಮುಂದಕ್ಕೆ ಬಗ್ಗಿ, “ಆಮೇಲೆ?” ಎಂದ.

“ಆಮೇಲೆ ಏನಿಲ್ಲ. ಅಷ್ಟೇ ಗೇಮು.”

ನರ್ಸಮ್ಮ ಹುಬ್ಬು ಗಂಟಿಕ್ಕಿದಳು. ಆ ಗೇಮನ್ನು ಅವಳು ಹೋದ ತಿಂಗಳೇ ಮುಗಿಸಿದ್ದಳು, ಇಲ್ಲಿ ಇನ್ನೂ ಹೇಳಿರಲಿಲ್ಲ ಅಷ್ಟೆ. “ಅಲ್ಲಾರೀ, ಬಾಗಿಲು ತೆಗೆದ ಮೇಲೆ ಕಾಡು ಬರುತ್ತಲ್ಲ, ಸಮುದ್ರ ಬರುತ್ತಲ್ಲ, ಅದೆಲ್ಲ?”

“ಬಾಗಿಲು ತೆಗೆಯೋಕೆ ಬರುತ್ತಾ?” ಎಂದುಬಿಟ್ಟ ಹಲ್ಲಪ್ಪ.

ಡ್ರೈವರ್ ತೊಡೆ ತಟ್ಟಿಕೊಂಡು ನಕ್ಕ. ನಕ್ಕ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ಅಯ್ಯೋ ಸ್ವಾಮಿ! ಅದು ಕೈ ಪಳಗಿಸ್ಕೊಳ್ಳೋಕೆ ಬಿಟ್ಟಿರೋ ಜಾಗ! ಹೇಗೆ ನಡೀಬೇಕು, ಹೇಗೆ ಸಾಮಾನು ಎತ್ಕೋಬೇಕು ಅಂತ ಕಲಿಸ್ತಾರೆ ಅಲ್ಲಿ. ಎರಡು ನಿಮಿಷದ ಕೆಲಸ. ಊಟಕ್ಕೆ ಕರೆದ್ರೆ ಕೈ ತೊಳ್ಕೊಂಡೇ ಎದ್ದು ಬಂದ್ರಲ್ರೀ!”

ಎಲ್ಲರೂ ನಕ್ಕರು. ಹಲ್ಲಪ್ಪನೂ ನಗಲು ನೋಡಿದ, ತುಟಿ ಒಂದು ಕಡೆಗೆ ಎಳೆಯಿತು ಅಷ್ಟೆ. ಪ್ರತಿಯೊಂದು ಗೇಮಿಗೂ ಅಂಥ ಒಂದು ಮೊದಲ ಅಂಗಳ ಇರುತ್ತದೆ. ಅವನು ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದಾಗ ಅಕ್ಕ ಅದನ್ನು ದಾಟಿಬಿಟ್ಟಿರುತ್ತಿದ್ದಳು. ತಾನು ಹೆಣಗಾಡಿದ ಆ ಮೊದಲ ವಾರ ಬಿಟ್ಟರೆ ಹನ್ನೆರಡು ವರ್ಷ ಅದು ಅವನ ಕಣ್ಣಿಗೇ ಬಿದ್ದಿರಲಿಲ್ಲ, ಆಗಲೂ ಅದೇನೆಂದು ತಿಳಿದಿರಲಿಲ್ಲ.

ನಗದೆ ಇದ್ದವರು ಗಡಿಯಾರದವರೊಬ್ಬರೇ. ಅವರು ಕಣ್ಣಿಗೆ ಹಚ್ಚಿದ್ದ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು. “ಇಷ್ಟು ವರ್ಷ ಆಡಿದೋರಿಗೆ ಇದು ಗೊತ್ತಿಲ್ಲ ಅಂದ್ರೆ ಹೇಗೆ ಹಲ್ಲಪ್ಪನೋರೇ?”

ನಗು ನಿಂತಿತು. ಹಲ್ಲಪ್ಪ ಇನ್ನೊಂದು ಸುಳ್ಳು ಹುಡುಕಿದ, ಸಿಗಲಿಲ್ಲ. ನೆಲ ನೋಡಿಕೊಂಡು ಎಲ್ಲವನ್ನೂ ಹೇಳಿದ. ಆಡಿದ್ದು ಅಕ್ಕ, ನೋಡಿದ್ದು ತಾನು, ಅಕ್ಕ ಈಗ ಮನೆಯಲ್ಲಿಲ್ಲ. “ತಪ್ಪಾಯ್ತು. ಇಲ್ಲಿಗೆ ಬರೋದು ತಪ್ಪಿಹೋಗುತ್ತಲ್ಲ ಅಂತ ಭಯ ಇತ್ತು” ಎಂದ.

ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಡ್ರೈವರ್ ತನ್ನ ಚಪ್ಪಲಿ ನೋಡುತ್ತ ಕೂತ. ನರ್ಸಮ್ಮನೇ ಕೊನೆಗೆ ಕೇಳಿದಳು, “ಹಾಗಾದ್ರೆ ಅವರಿಗೆ ಯಾವ ಗೇಮ್ ತುಂಬಾ ಇಷ್ಟ ಆಗಿತ್ತು?”

“ಗೊತ್ತಿಲ್ಲ” ಎಂದ ಹಲ್ಲಪ್ಪ. ಅಕ್ಕ ಯಾವ ಗುಂಡಿ ಯಾವ ಬೆರಳಲ್ಲಿ ಒತ್ತುತ್ತಾಳೆಂದು ಗೊತ್ತು, ಸೋತಾಗ ನಾಲಿಗೆ ಕಚ್ಚಿಕೊಳ್ಳುತ್ತಾಳೆಂದು ಗೊತ್ತು. ಹೇಗನ್ನಿಸಿತು ಎಂದು ಹನ್ನೆರಡು ವರ್ಷದಲ್ಲಿ ಅವನು ಅವಳನ್ನು ಒಂದು ಸಲವೂ ಕೇಳಿರಲಿಲ್ಲ. ಕೋಣೆಯಲ್ಲಿದ್ದವರಿಗೆಲ್ಲ ತನಗೆ ಅನ್ನಿಸಿದ್ದನ್ನೇ ಹೇಳಿಕೊಂಡು ಬಂದಿದ್ದ.

“ಕೇಳ್ಕೊಂಡು ಬನ್ನಿ” ಎಂದರು ಗಡಿಯಾರದವರು. “ಮುಂದಿನ ಭಾನುವಾರ ಅವರ ಮಾತು ಹೇಳಿ. ಆಡಿದೋರ ಮಾತು ಅಂತ ನಾನು ಲೆಕ್ಕಕ್ಕೆ ತಗೋತೀನಿ. ಅಲ್ಲೀವರೆಗೂ ಕುರ್ಚಿ ನಿಮ್ದೇ.”

ಮನೆಗೆ ಬಂದವನು ಊಟದ ತಟ್ಟೆ ಮುಂದಿಟ್ಟುಕೊಂಡೇ ಫೋನ್ ಮಾಡಿದ. ಅತ್ತ ಕುಕ್ಕರಿನ ಸೀಟಿ, ಬಾವ ಯಾರನ್ನೋ ಮಾತಾಡಿಸುತ್ತಿರುವ ಸದ್ದು, ನಡುವೆ ಅಕ್ಕನ ದನಿ. “ಏನೋ, ಊಟ ಆಯ್ತಾ?”

“ಆಗ್ತಿದೆ. ಅಕ್ಕಾ, ನಾವು ಇಷ್ಟೊಂದು ಆಡಿದ್ವಲ್ಲ, ಅದರಲ್ಲಿ ನಿಂಗೆ ಯಾವುದು ತುಂಬಾ ಇಷ್ಟ ಆಗಿತ್ತು?”

“ನಂಗಾ?” ಅಕ್ಕ ನಕ್ಕಳು. “ನಂಗೆ ಯಾವುದೂ ಇಲ್ಲಪ್ಪ. ಕತ್ತು ನೋವು ಬರ್ತಿತ್ತು. ಆ ಗೋಪುರದ್ದಂತೂ ಎಷ್ಟು ಸಲ ಬಿಸಾಕೋಣ ಅನ್ನಿಸ್ತೋ!”

“ಮತ್ತೆ ಯಾಕೆ ಆಡ್ತಿದ್ದೆ?”

“ಅಯ್ಯೋ ಪೆದ್ದ! ಕೆಲಸ ಬಿಟ್ರೆ ನೀನು ಹೊರಗೆ ಹೋಗ್ತಿದ್ದದ್ದು ಅದೊಂದು ಕಡೆಗೆ ಕಣೋ. ಬರುವಾಗ ಮುಖ ಇಷ್ಟಗಲ ಮಾಡ್ಕೊಂಡು ಬರ್ತಿದ್ದೆ. ಹೇಳೋಕೆ ಏನಾದ್ರೂ ಬೇಕಲ್ಲ ನಿಂಗೆ, ಅದಕ್ಕೆ ಆಡ್ತಿದ್ದೆ.” ಅಲ್ಲಿ ಪಾತ್ರೆಯೊಂದು ಕೆಳಗಿಟ್ಟ ಸದ್ದಾಯಿತು. “ಈಗ ನೀನೇ ಆಡ್ಕೊಂಡು ಹೋಗ್ತಿದ್ದೀಯ ತಾನೆ? ತಪ್ಪಿಸ್ತಿಲ್ವಲ್ಲ?”

ಹಲ್ಲಪ್ಪ ತಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. “ಇಲ್ಲ ಅಕ್ಕ. ಹೋಗ್ತಿದ್ದೀನಿ.”

“ಇವತ್ತೂ ಹೇಳಿದ್ಯಾ?”

“ಹ್ಞೂಂ, ಹೇಳಿದೆ. ಎಲ್ರೂ ಬಾಯಿ ಬಿಟ್ಕೊಂಡು ಕೇಳಿದ್ರು.”

“ಸದ್ಯ! ನಂಗೆ ಅದೊಂದೇ ಯೋಚ್ನೆ ಆಗಿತ್ತು ನೋಡು. ಇರು, ಬಾವ ಕರೀತಿದ್ದಾರೆ, ಆಮೇಲೆ ಮಾಡ್ತೀನಿ” ಎಂದು ಅಕ್ಕ ಫೋನ್ ಇಟ್ಟಳು.

ಅವಳು ರೈಲು ಹತ್ತಿದ ದಿನ ಅವನು ಅತ್ತಿರಲಿಲ್ಲ. ಸಾಮಾನು ಎತ್ತಿಕೊಟ್ಟು, ಬಾವನ ಕೈ ಕುಲುಕಿ, ನಗುತ್ತಲೇ ಕಳಿಸಿ ಬಂದಿದ್ದ. ಇವತ್ತು ಮಟಮಟ ಮಧ್ಯಾಹ್ನ, ಎಂಜಲು ಕೈಯಲ್ಲೇ ಕೂತು ಅತ್ತ.