ಅರ್ಧಕ್ಕೆ ನಿಂತ ಕಟಿಂಗ್

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ. ಕ್ಷೌರಿಕನ ಗುಣವಂತೂ ಪರದೇಶಕ್ಕೆ ಹೋದರೂ ಹೋಗುವುದಿಲ್ಲ. ಇಲ್ಲದಿದ್ದರೆ, ಬೀದಿಯಲ್ಲಿ ಟೈರು ಉರಿಯುತ್ತಿರುವಾಗ, ದತ್ತು ತೆಗೆದುಕೊಂಡು ಒಂದು ದಿನವಾಗಿರುವ ಮಗಳನ್ನು ಹೋಟೆಲ್ ರೂಮಿನ ಕುರ್ಚಿಯಲ್ಲಿ ಕೂರಿಸಿ ಯಾವನಾದರೂ ಕತ್ತರಿ ಹಿಡಿಯುತ್ತಾನೆಯೇ?

ಅವನ ಕಡೆಯ ಮಾತನ್ನೂ ಕೇಳಬೇಕು ಬಿಡಿ. ಆ ಪುಟ್ಟ ಹುಡುಗಿ ಅನಾಥಾಲಯದಿಂದ ಬಂದವಳೇ ಮೇಜಿನ ಕೆಳಗೆ ಸೇರಿಕೊಂಡಿದ್ದಳು. ಹೆಂಡತಿ ಬಿಸ್ಕತ್ತು ತೋರಿಸಿದಳು, ಗೊಂಬೆ ತೋರಿಸಿದಳು, ಕೊನೆಗೆ ಬಾತ್‌ರೂಮಿಗೆ ಹೋಗಿ ಅತ್ತು ಬಂದಳು. ಜಪ್ಪಯ್ಯ ಎಂದರೂ ಮಗು ಹೊರಗೆ ಬರಲಿಲ್ಲ. ಮರುದಿನ ಏನೂ ತೋಚದೆ ಅವನು ಕತ್ತರಿ ತೆಗೆದು ಗಾಳಿಯಲ್ಲಿ ಕಚಕಚ ಆಡಿಸಿದ. ಮಗು ಇಣುಕಿತು. ಮತ್ತೆ ಆಡಿಸಿದ. ಅದು ಎದ್ದು ಬಂದು ತಾನೇ ಕುರ್ಚಿ ಹತ್ತಿ ಕೂತಿತು. ಕಣ್ಣಿಗೆ ಬೀಳುತ್ತಿದ್ದ ಕೂದಲನ್ನು ಬಲಗಡೆಯಿಂದ ಕಿವಿಯ ಮೇಲಕ್ಕೆ ಕತ್ತರಿಸುತ್ತಾ ಬಂದ. ಕತ್ತಿನ ಮೇಲೆ ಊದಿದಾಗ ಮಗು ಕಿಸಕ್ಕನೆ ನಕ್ಕಿತು. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಅಷ್ಟರಲ್ಲಿ ಕಾರಿನ ಡ್ರೈವರು ಬಾಗಿಲು ಬಡಿದ. ಅವನು ಈ ದೇಶದವನೇ. ಹಿಂದೆ ಇವರ ಊರ ಕಡೆ ದುಡಿದು ಬಂದಿದ್ದರಿಂದ ಇವರ ಮಾತು ಬರುತ್ತಿತ್ತು.

"ಅಣ್ಣ, ಸರ್ಕಾರ ಬಿದ್ದೋಯ್ತು! ಸಂಜೆಗೆ ಏರ್‌ಪೋರ್ಟ್ ಮುಚ್ತಾರಂತೆ. ಹೇಗಿದೀರೋ ಹಾಗೇ ಹೊರಡಿ."

ಹಾಗೇ ಹೊರಟರು. ಮಗುವಿನ ತಲೆಯೂ ಹಾಗೇ ಹೊರಟಿತು.

ಕಾರು ದೊಡ್ಡ ರಸ್ತೆಗೆ ಬಂದ ಮೇಲೆ ಹೆಂಡತಿ ಮಗುವಿನ ಪಾಸ್‌ಪೋರ್ಟ್ ತೆರೆದಳು. ಫೋಟೋದಲ್ಲಿ ಎರಡೂ ಭುಜಗಳ ಮೇಲೆ ಇಳಿಬಿದ್ದ ಕೂದಲು.

"ರೀ, ಏನು ಮಾಡಿಟ್ರಿ! ಇದು ಅವಳೇ ಅಂತ ಯಾರು ನಂಬ್ತಾರೆ?"

"ಎಡಗಡೆಯಿಂದ ನೋಡಿದ್ರೆ ಅವಳೇ ಕಣೇ."

"ಮಿಲಿಟರಿಯೋರಿಗೆ ಎಡಗಡೆ ಬಂದು ನಿಂತ್ಕೊಳ್ಳಿ ಅಂತೀರಾ? ಎಷ್ಟು ವರ್ಷ ಕಾದಿದೀನಿ ನಾನು! ಇವಳನ್ನ ಕಿತ್ಕೊಂಡ್ರೆ ನಾನೂ ಇಲ್ಲೇ ಇದ್ದುಬಿಡ್ತೀನಿ. ನೀವು ನಿಮ್ಮ ಕತ್ತರಿ ಜೊತೆ ಊರಿಗೆ ಹೋಗಿ."

ಅವನು ಕಿಟಕಿಯ ಕಡೆ ತಿರುಗಿದ. ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಮಾಡಿದವನು ಶತ್ರುವಲ್ಲ, ತಾನೇ. ಹೊರಗೆ ಅಂಗಡಿಗಳ ಷಟರುಗಳೆಲ್ಲ ಕೆಳಗಿಳಿದಿದ್ದವು, ರಸ್ತೆ ತುಂಬ ಒಡೆದ ಗಾಜು.

ಸೇತುವೆಯ ಬಳಿ ಸೈನಿಕರು ಕಾರು ತಡೆದರು. ಅಧಿಕಾರಿ ಫೋಟೋ ನೋಡಿದ, ಮಗುವನ್ನು ನೋಡಿದ, ಗದ್ದ ಹಿಡಿದು ಮುಖವನ್ನು ಆ ಕಡೆ ಈ ಕಡೆ ತಿರುಗಿಸಿದ. ಡ್ರೈವರಿಗೆ ಏನೋ ಗದರಿದ.

"ಗಲಾಟೆ ಶುರುವಾದಾಗಿಂದ ಮಕ್ಕಳ ಕಳ್ಳರು ಜಾಸ್ತಿಯಂತೆ ಅಣ್ಣ. ಗುರುತು ಸಿಗದಿರಲಿ ಅಂತ ಕೂದಲು ಕತ್ತರಿಸಿ ಸಾಗಿಸ್ತಾರಂತೆ. ಮಗೂನ ಒಂದನ್ನೇ ಕರ್ಕೊಂಡು ಹೋಗಿ ಕೇಳ್ತಾರಂತೆ."

ಮಗುವನ್ನು ಡೇರೆಯೊಳಗೆ ಕರೆದೊಯ್ದರು. ಕ್ಷೌರಿಕನ ಜೀವ ಬಾಯಿಗೆ ಬಂತು. ಆ ಮಗು ಸುಳ್ಳು ಹೇಳುವುದೇ ಬೇಡ. ಇವರು ಯಾರೋ ಗೊತ್ತಿಲ್ಲ ಎಂಬ ನಿಜವನ್ನು ಹೇಳಿದರೂ ಸಾಕು, ಎಲ್ಲ ಮುಗಿದಂತೆ. ಅಷ್ಟು ಹೊತ್ತು ಬೈದಿದ್ದ ಹೆಂಡತಿ ಈಗ ಅವನ ಕೈಯನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಿದ್ದಳು. ಡೇರೆಯಿಂದ ಒಂದು ಸದ್ದೂ ಬರಲಿಲ್ಲ.

ಅಧಿಕಾರಿ ಮಗುವನ್ನು ಎತ್ತಿಕೊಂಡೇ ಹೊರಬಂದ. ಹೆಂಡತಿಯ ಮಡಿಲಲ್ಲಿ ಕೂರಿಸಿ, ಡ್ರೈವರನ ಹತ್ತಿರ ನಾಲ್ಕು ಮಾತಾಡಿ, ಹೋಗಿ ಎಂದು ಕೈ ಬೀಸಿದ.

ಕಾರು ಸೇತುವೆ ದಾಟಿತು.

"ಏನಂದಳಪ್ಪಾ?" ಕ್ಷೌರಿಕ ಕೇಳಿದ.

"ಇವರು ನಿಮ್ಮಪ್ಪ ಅಮ್ಮನಾ ಅಂತ ಕೇಳಿದ್ರಂತೆ. ಗೊತ್ತಿಲ್ಲ ಅಂದಳಂತೆ."

ಹೆಂಡತಿ ಮಗುವನ್ನು ಇನ್ನಷ್ಟು ಅವಚಿಕೊಂಡಳು.

"ಹಾಗಾದ್ರೆ ಅನಾಥಾಲಯಕ್ಕೆ ವಾಪಸ್ ಬಿಟ್ಟು ಬರ್ಲಾ ಅಂದ್ರಂತೆ." ಡ್ರೈವರು ಕನ್ನಡಿಯಲ್ಲಿ ಅವರನ್ನು ನೋಡಿದ. "ಸರಿ, ಅವರಿಬ್ಬರನ್ನೂ ಕರ್ಕೊಳ್ಳಿ ಅಂದಳಂತೆ. ಪಾಪ, ಅವರಿಗೆ ಇಲ್ಲಿ ಯಾರೂ ಇಲ್ಲ ಅಂತ."