ಗಾಡಿಗೊಂದು ದೃಷ್ಟಿಬೊಟ್ಟು

ಟೈರಿನ ಗಾಳಿ ನನಗೆ ಕಿವಿಯಿಂದಲೇ ಗೊತ್ತಾಗ್ತಿತ್ತು. ಗೇಜು ಇಟ್ಟು ನೋಡೋರು ನನ್ನ ಪ್ರಕಾರ ಕಸುಬು ಬರದೋರು. ಚಳ್ಳಕೆರೆಯ ಬಳ್ಳಾರಿ ರಸ್ತೆಯಾಗೆ ಇಪ್ಪತ್ತೆರಡು ವರ್ಷದಿಂದ ಪಂಚರ್ ಅಂಗಡಿ ಇಟ್ಟೀನಿ. ಲಾರಿ ಬಂದು ನಿಂತ್ರೆ ಕಬ್ಬಿಣದ ರಾಡು ತಗಂಡು ಒಂದೊಂದು ಟೈರಿಗೂ ಒಂದೊಂದು ಏಟು ಕೊಡೋದು. ಟಣ್ ಅಂದ್ರೆ ಗಾಳಿ ಐತೆ, ದಬ್ ಅಂದ್ರೆ ಇಲ್ಲ. ಸೂರಪ್ಪ ಸರಿ ಅಂದ ಅಂದ್ರೆ ಡ್ರೈವರುಗಳು ಮತ್ತೆ ಬಗ್ಗಿ ನೋಡ್ತಿರಲಿಲ್ಲ. ಈ ಕೊಬ್ಬನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಆಗಿದ್ದಕ್ಕೆಲ್ಲಾ ಬೇರು ಇಲ್ಲೇ ಐತೆ.

ಮಾರುತೇಶ ನನ್ನ ತಂಗಿ ಚಿನ್ನಕ್ಕನ ಗಂಡ. ದೇವಸಮುದ್ರದ ಕಡೆ ಕುರಿ ಕಾಯೋ ಮನೆತನ. ನಮ್ಮದೂ ಅದೇ ಬಿಡಿ. ವರ್ಷಕ್ಕೆ ಆರು ತಿಂಗಳು ಮಂದೆ ಹೊಡ್ಕಂಡು ಆಂಧ್ರದ ಸೀಮೆಗೆ ಹೋದ್ರೆ ಮಳೆ ಬಿದ್ದ ಮೇಲೇ ಊರಿನ ಮುಖ ನೋಡೋದು. ಹುಡುಗನಿಗೆ ಅದು ಬ್ಯಾಡಾಗಿತ್ತು. ಟ್ರಾಕ್ಟರ್ ಕಲಿತ, ಜೀಪು ಕಲಿತ, ಎರಡು ಸಾವಿರದ ಎಂಟರಾಗೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರದ ಬೊಮ್ಮಲಿಂಗಪ್ಪ ಸಾಹುಕಾರ್ರ ಹತ್ರ ಡ್ರೈವರ್ ಆದ. ಅಲ್ಲೇ ಮನೆ ಮಾಡಿ ಮಗಳು ತೇಜಶ್ರೀನ ಒಂದನೇ ಕ್ಲಾಸಿಗೆ ಹಾಕಿದ. ಅವನ ಅಣ್ಣ ಮಾತ್ರ, ಈ ಕೆಲಸ ಹೋದ ದಿನ ಹೆಂಡ್ತಿ ಮಗೂನ ಕರ್ಕಂಡು ಸುಮ್ನೆ ಮಂದೆಗೆ ಬಾ ಅಂತ ಹೇಳಿಟ್ಟಿದ್ದ. ಆ ಮಾತು ಬಂದಾಗಲೆಲ್ಲಾ ಚಿನ್ನಕ್ಕ ಎದ್ದು ಮಗಳ ಸ್ಕೂಲ್ ಬ್ಯಾಗು ಒಳಗೆ ತಗಂಡು ಹೋಗಿ ಇಡೋಳು.

ಮಾರನೇ ವರ್ಷ ಸಾಹುಕಾರ್ರು ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಫಾರಿನ್ ಕಾರು ತಂದರು. ಮಿರಮಿರ ಮಿಂಚೋ ಡಿಸ್ಕು, ಚಪ್ಪಟೆ ಟೈರು. ನಮ್ಮ ರಸ್ತೆ ಗುಂಡಿ ಕೇಳಬೇಕೇ? ಎರಡೇ ತಿಂಗಳಿಗೆ ಎರಡು ಡಿಸ್ಕು ಬೆಂಡಾದವು. ಈ ಷೋಕಿ ತೆಗೆದುಹಾಕಿ ನಮ್ಮ ನೆಲಕ್ಕೆ ತಡಿಯೋ ಚಕ್ರ ಹಾಕು ಅಂತ ಗಾಡೀನ ನನ್ನ ಅಂಗಡಿಗೆ ಕಳಿಸಿದರು. ನಾನು ಗಟ್ಟಿ ಕಬ್ಬಿಣದ ಡಿಸ್ಕಿಗೆ ದಪ್ಪ ಟೈರು ಕೂರಿಸಿ ನಾಲ್ಕಕ್ಕೆ ನಾಲ್ಕೂ ಬದಲಾಯಿಸಿದೆ. ಹಳೇ ಡಿಸ್ಕು ಬಿಚ್ಚುವಾಗ ಒಳಗೆ, ಗಾಳಿ ಹೊಡೆಯೋ ಮೂತಿ ಹತ್ರ, ಬೆಂಕಿಪೊಟ್ಟಣದಷ್ಟು ಒಂದೊಂದು ಕರೀ ಡಬ್ಬಿ ಇತ್ತು. ತೂಕಕ್ಕೆ ಇಟ್ಟಿರಬೇಕು ಅಂದ್ಕಂಡೆ. ಸಾಹುಕಾರ್ರು ಅವನ್ನ ಬಿಸಾಕು ಅಂದಿದ್ರು, ಡಬ್ಬಿ ಸಮೇತ ಗುಜರಿಗೆ ಹಾಕಿದೆ.

ಗಾಡಿ ಸ್ಟಾರ್ಟ್ ಮಾಡಿದ್ರೆ ಮೀಟರಿನ ಮೂಲೇಲಿ ಒಂದು ಹಳದಿ ಲೈಟು ಹತ್ತಿಕಂಡಿತು. ಬಾಯಿ ತೆರೆದ ಗಡಿಗೆಯಂಥ ಗುರುತು, ಒಳಗೊಂದು ಉದ್ದಗೆರೆ, ಅದರ ಕೆಳಗೊಂದು ಚುಕ್ಕಿ. ಗಾಳಿ ಹೆಚ್ಚು ಹೊಡೆದೆ, ಕಮ್ಮಿ ಮಾಡಿದೆ, ಬ್ಯಾಟರಿ ಬಿಚ್ಚಿ ಹಾಕಿದೆ, ಊಹೂಂ. ಅದು ಗಾಳಿ ಲೈಟು ಅಂತ ಗಾಡಿ ಜೊತೆ ಬಂದಿದ್ದ ಪುಸ್ತಕದ ಚಿತ್ರ ನೋಡಿ ಮಾರುತೇಶನೇ ಕಂಡುಹಿಡಿದ. ಅವತ್ತಿಂದ ಅವನಿಗೆ ಅದೇ ದಿಗಿಲು. ದಿನಾ ಬೆಳಿಗ್ಗೆ ಗೇಜು ಇಟ್ಟು ನಾಲ್ಕೂ ಟೈರು ನೋಡಿಯೇ ಗಾಡಿ ತೆಗೆಯೋನು. ನಾನು ನಗ್ತಿದ್ದೆ.

ಸಾಹುಕಾರ್ರ ತಾಯಿ ದ್ರಾಕ್ಷಾಯಣಮ್ಮನೋರು ಮಾತ್ರ ಗಾಡಿ ಹತ್ತಲ್ಲ ಅಂದುಬಿಟ್ಟರು. ಹೆಣದ ಮುಂದೆ ಹಿಡಿಯೋ ಬೆಂಕಿ ಗಡಿಗೆ ಥರ ಐತೆ ಅದು, ಎದುರಿಗೆ ಇಟ್ಕಂಡು ಹೆಂಗೆ ಕೂರ್ಲಿ ಅಂದರಂತೆ. ಸೋಮವಾರ ಅವರು ನಾಯಕನಹಟ್ಟಿ ದೇವಸ್ಥಾನಕ್ಕೆ ಹೋಗೋರಿದ್ರು. ಅಷ್ಟರೊಳಗೆ ಲೈಟು ಆರಿಸು, ಇಲ್ಲಾ ಕೀ ಇಟ್ಟು ಹೋಗು ಅಂತ ಸಾಹುಕಾರ್ರು ಮಾರುತೇಶನಿಗೆ ಖಡಾಖಂಡಿತ ಹೇಳಿದರು.

ನಾನು ಬೆಂಗಳೂರಿನಾಗೆ ಟೈರು ಅಂಗಡಿ ಇಟ್ಟಿರೋ ನಮ್ಮ ದಾಸಣ್ಣನಿಗೆ ಫೋನ್ ಮಾಡಿದೆ. ಅವನು ಬಿದ್ದೂ ಬಿದ್ದೂ ನಕ್ಕ. ಆ ಕರೀ ಡಬ್ಬಿಗಳೇ ಕಣೋ ಟೈರಿನಾಗೆ ಗಾಳಿ ಎಷ್ಟೈತೆ ಅಂತ ಲೈಟಿಗೆ ಹೇಳೋದು, ಅವು ಇಲ್ಲದಿದ್ರೆ ಜನ್ಮದಾಗೆ ಆರಲ್ಲ, ಹೊಸ ಚಕ್ರಕ್ಕೆ ಅವನ್ನೇ ತೆಗೆದು ಕೂರಿಸು ಅಂದ. ಫೋನ್ ಇಟ್ಟೋನೇ ಗುಜರಿಗೆ ಓಡಿದೆ. ಹಿಂದಿನ ದಿನವೇ ಲೋಡ್ ಮಾಡಿ ಕಳಿಸಿದ್ರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ಆಗಲಾದ್ರೂ ಬಾಯಿ ಬಿಟ್ಟು ಹೇಳಿದ್ರೆ ಏನಾಗ್ತಿತ್ತು? ನನ್ನ ಮರ್ಯಾದೆ ಹೋಗ್ತಿತ್ತು, ಅಷ್ಟೇ. ಅದು ಉಳೀಲಿ ಅಂತ, ಒಳಗೆಲ್ಲೋ ವೈರು ತುಂಡಾಗೈತೆ, ಗಾಡಿಗೇನೂ ಆಗಲ್ಲ ಅಂತ ಮಾರುತೇಶನಿಗೆ ಸುಳ್ಳು ಹೇಳಿದೆ.

ಭಾನುವಾರ ಅವನು ಅದೇ ಗಾಡೀಲಿ ಹೆಂಡ್ತಿ ಮಗಳ ಜೊತೆ ಅಂಗಡಿಗೆ ಬಂದ. ಮುಖದಾಗೆ ರಕ್ತವೇ ಇರಲಿಲ್ಲ. ನಾಳೆ ಕೀ ಇಟ್ಟು ಬರಬೇಕಾಗ್ತೈತೆ ಭಾವ ಅಂದ. ತೇಜಶ್ರೀ ಕೆನ್ನೆ ಮೇಲೆ ದೃಷ್ಟಿಗೆ ಅಂತ ಅಂಟಿಸಿದ ಕರೀ ಟಿಕ್ಲಿ ಇತ್ತು. ಅದನ್ನ ನೋಡಿದೋನೇ ತಂಗಿ ಹತ್ರ ಅಂಥದ್ದೇ ಇನ್ನೊಂದು ಇಸ್ಕಂಡು ಹೋಗಿ ಮೀಟರಿನ ಗಾಜಿನ ಮೇಲೆ, ಲೈಟಿಗೆ ಸರಿಯಾಗಿ ಅಂಟಿಸಿದೆ. ಕರೀ ಮೀಟರಿನ ಮೇಲೆ ಕರೀ ಬೊಟ್ಟು. ಲೈಟು ಕಾಣ್ಲೇ ಇಲ್ಲ. ಮಾರುತೇಶ ಹಿಂದೆ ಮುಂದೆ ನೋಡಿದ.

"ಯಾರಾದ್ರೂ ಕೇಳಿದ್ರೆ ಗಾಡಿಗೆ ದೃಷ್ಟಿಬೊಟ್ಟು ಅನ್ನಲೇ," ಅಂದೆ.

ಸಾಹುಕಾರ್ರು ಕೇಳಿಯೂ ಕೇಳಿದರಂತೆ. ಇವನು ಹಂಗೇ ಹೇಳಿದನಂತೆ. ಅವರಿಗೆ ಎಷ್ಟು ಖುಷಿಯಾಯ್ತು ಅಂದ್ರೆ, ನನ್ನ ಗಾಡೀನ ಮನೆ ಮಗು ಥರ ನೋಡ್ಕಂತಾನೆ ಅಂತ ಬೀದಿಯೆಲ್ಲಾ ಹೇಳ್ಕಂಡು ಬಂದರು. ದ್ರಾಕ್ಷಾಯಣಮ್ಮನೋರು ನಾಯಕನಹಟ್ಟಿಗೆ ಹೋಗಿ ವಿಭೂತಿ ತಂದು ಗಾಡಿಗೆ ಹಚ್ಚಿದರು. ಮೂರು ತಿಂಗಳು ಚಿನ್ನಕ್ಕನ ಮನೇಲಿ ಮಂದೆ ಮಾತು ಬರಲಿಲ್ಲ.

ಲೈಟು ಕಣ್ಣಿಂದ ಮರೆಯಾಯ್ತಲ್ಲ, ಮಾರುತೇಶನ ದಿಗಿಲೂ ಹೋಯ್ತು. ದಿನಾ ಗೇಜು ಇಡೋದು ವಾರಕ್ಕೊಂದು ಸಲ ಆಯ್ತು, ಆಮೇಲೆ ಅದೂ ನಿಂತಿತು. ಚಳ್ಳಕೆರೆಗೆ ಬಂದಾಗ ನನ್ನ ರಾಡಿನ ಏಟು ಸಾಕು ಅಂತ ರೂಢಿ ಮಾಡ್ಕಂಡ. ನಾನೇ ರೂಢಿ ಮಾಡಿಸಿದೆ.

ಏಪ್ರಿಲ್ ತಿಂಗಳು, ಒಂದು ಬುಧವಾರ. ದ್ರಾಕ್ಷಾಯಣಮ್ಮನೋರನ್ನ ಕಣ್ಣಿನ ಡಾಕ್ಟ್ರಿಗೆ ತೋರಿಸ್ಕಂಡು ಮಧ್ಯಾಹ್ನ ವಾಪಸ್ ಹೊರಟೋನು ಅಂಗಡಿ ಮುಂದೆ ನಿಲ್ಲಿಸಿದ. ಬಿಸಿಲಿಗೆ ಟಾರು ಮೆತ್ತಗಾಗಿತ್ತು. ಗಾಡಿ ಯಾಕೋ ಎಡಕ್ಕೆ ಎಳೀತೈತೆ ಭಾವ, ಗೇಜು ಕೊಡ್ರಿ ಅಂದ. ನಾನು ರಾಡು ತಗಂಡು ಮುಂದಿನ ಎಡಗಡೆ ಟೈರಿಗೆ ಒಂದು ಬಿಟ್ಟೆ. ಟಣ್ ಅಂತು. ಅವನು ಮತ್ತೆ ಗೇಜು ಕೇಳಿದ. ನನಗೆ ಸಿಟ್ಟು ನೆತ್ತಿಗೇರಿತು.

"ಇಪ್ಪತ್ತೆರಡು ವರ್ಷದ ಕಿವಿ ಕಣಲೇ ಇದು. ನನ್ನ ಮೇಲೆ ನಂಬಿಕೆ ಇಲ್ವಾ ನಿನಗೆ?"

ಪಾಪ, ತಲೆ ತಗ್ಗಿಸಿ ಗಾಡಿ ಹತ್ತಿದ.

ತಳಕು ದಾಟಿದ ಮೇಲೆ ಆ ಟೈರು ಸಿಡೀತು. ಗಾಡಿ ಎಡಕ್ಕೆ ಎಳಕಂಡು ಹೋಗಿ ಹುಣಸೇಮರಕ್ಕೆ ಗುದ್ದಿತು. ಹಿಂದೆ ಕೂತಿದ್ದ ದ್ರಾಕ್ಷಾಯಣಮ್ಮನೋರಿಗೆ ಮುಂಗೈ ಮುರೀತು. ಮಾರುತೇಶನ ಬಲಗಾಲು ಪಾದದ ಹತ್ರ ನುಜ್ಜುಗುಜ್ಜಾಯ್ತು. ಆಮೇಲೆ ಹೋಗಿ ಟೈರಿನ ಚೂರು ನೋಡಿದೆ, ಹಳೇ ಮೊಳೆ ಒಂದು ಕೂತಿತ್ತು. ದಿನಾ ಒಂದೊಂದು ಗುಟುಕು ಗಾಳಿ ಹೋಗಿ ಹೋಗಿ ಬಿಸಿಲಿಗೆ ಕಾದು ಸಿಡಿದೈತೆ. ಈ ಹೊಸಾ ದಪ್ಪ ಟೈರು ಅರ್ಧ ಗಾಳಿ ಹೋದ್ರೂ ಟಣ್ ಅಂತಾನೇ ಅಂಬ್ತವೆ. ಅದೂ ನನಗೆ ಆಗಲೇ ಗೊತ್ತಾಗಿದ್ದು. ಲೈಟು ಕಾಣ್ತಾ ಇದ್ರೂ ಅದೇನು ಮೊಳೆ ತೋರಿಸ್ತಿರಲಿಲ್ಲ, ಯಾವಾಗಲೂ ಉರಿಯೋ ಲೈಟು ಏನು ಹೇಳೀತು ಅಂತ ನನಗೆ ನಾನೇ ಎಷ್ಟೋ ಸಲ ಸಮಾಧಾನ ಹೇಳ್ಕಂಡೀನಿ. ಆದ್ರೆ ಅದು ಕಾಣ್ತಿದ್ದಷ್ಟು ದಿನ ಅವನು ಬೆಳಿಗ್ಗೆ ಬೆಳಿಗ್ಗೆ ಗೇಜು ಇಡ್ತಿದ್ದ. ಆ ಭಯಾನ ಬೊಟ್ಟು ಹಚ್ಚಿ ಮುಚ್ಚಿದೋನು ನಾನು.

ಬಳ್ಳಾರಿ ಆಸ್ಪತ್ರೆಗೆ ಸಾಹುಕಾರ್ರು ಬಂದರು. ಎಳ್ಕಂಡು ಬಂದ ಗಾಡಿಗೆ ಕೀ ಹಾಕಿ ನೋಡಿದ್ರಂತೆ, ಬೊಟ್ಟಿನ ಅಂಚಿನಾಗೆ ಹಳದಿ ಕಂಡೈತೆ. ಕಿತ್ತ ಟಿಕ್ಲಿ ಅವರ ಬೆರಳ ತುದಿಗೆ ಅಂಟ್ಕಂಡಿತ್ತು. ಅದನ್ನ ಮಂಚದ ಹತ್ರ ಹಿಡಿದು, ನಮ್ಮವ್ವ ಕೂರೋ ಗಾಡಿಗೆ ಇದನ್ನ ಹಚ್ಚಿದೋರು ಯಾರು ಅಂದರು. ನಾನು ಕಾಲ ಹತ್ರ ನಿಂತಿದ್ದೆ. ಚಿನ್ನಕ್ಕ ತಲೆ ಹತ್ರ ಇದ್ಲು.

"ನಾನೇ ಸಾಹುಕಾರ್ರೆ," ಅಂದ ಮಾರುತೇಶ.

ನಾನು ಬಾಯಿ ತೆಗೀಲಿಲ್ಲ. ಚಿನ್ನಕ್ಕ ನನ್ನ ಕಡೆ ನೋಡಿದ್ಲು, ಆಮೇಲೆ ನೋಡೋದು ಬಿಟ್ಟಳು. ಸಾಹುಕಾರ್ರು ಟಿಕ್ಲಿ ಗೋಡೆಗೆ ಒರೆಸಿ ಹೋದರು. ಕೆಲಸ ಹೋಯ್ತು. ಕಾಲು ಉಳೀತು, ಆದ್ರೆ ಪಾದ ಮಡಚಲ್ಲ. ಬ್ರೇಕ್ ತುಳಿಯೋಕೆ ಆಗಲ್ಲ, ಕುರಿ ಹಿಂದೆ ನಡಿಯೋಕೂ ಆಗಲ್ಲ. ಅವನ ಅಣ್ಣ ಬಂದು, ಮಾತಿನಂತೆ ಚಿನ್ನಕ್ಕನ್ನೂ ಮಗೂನ್ನೂ ಮಂದೆ ಜೊತೆ ಕರ್ಕಂಡು ಹೋದ. ತೇಜಶ್ರೀ ಸ್ಕೂಲ್ ಬ್ಯಾಗಿನಾಗೆ ಈಗ ಕುರಿಮರಿ ಔಷಧಿ ಸೀಸೆ ಇಡ್ತಾರಂತೆ.

ಮಾರುತೇಶ ನನ್ನ ಅಂಗಡೀಲಿ ಸ್ಟೂಲ್ ಮೇಲೆ ಕೂರ್ತಾನೆ. ನಾನು ರಾಡು ಮುಟ್ಟೋದು ಬಿಟ್ಟೀನಿ. ಬಂದ ಗಾಡಿಗೆಲ್ಲಾ ಅವನೇ ಕುಂಟ್ಕಂಡು ಹೋಗಿ ಗೇಜು ಇಟ್ಟು ನೋಡ್ತಾನೆ. ಮೊನ್ನೆ ಬೆಂಗಳೂರಿನ ಕಾರೊಂದು ಪಂಚರ್ ಆಗಿ ಬಂತು. ಟೈರು ಬಿಚ್ಚಿದ್ರೆ ಒಳಗೆ ಅದೇ ಕರೀ ಡಬ್ಬಿ. ಇದನ್ನ ಜೋಪಾನ ಕಣ್ರಿ, ಇದು ಹೋದ್ರೆ ಗಾಳಿ ಲೈಟು ಆರಲ್ಲ ಅಂತ ಆ ಗಾಡಿಯೋನು ಹೇಳಿ ಟೀ ಕುಡಿಯೋಕೆ ಹೋದ. ಮಾರುತೇಶ ಆ ಡಬ್ಬೀನ ಬೆರಳಿಂದ ಮುಟ್ಟಿ ನೋಡಿದ.

"ಭಾವ, ಇದು ನಿಮಗೆ ಆವಾಗ ಗೊತ್ತಿತ್ತಾ?"

ದೇವರಾಣೆ, ನಿಜ ಬಾಯಿ ತನಕ ಬಂತು.

"ಇಲ್ಲಪ್ಪ," ಅಂದೆ.

"ಗೊತ್ತಿದ್ರೆ ನೀವು ಹೇಳ್ದೆ ಇರ್ತಿದ್ರಾ, ಬಿಡ್ರಿ," ಅಂದು, ಗೋಡೆ ಹಿಡ್ಕಂಡು ಎದ್ದು, ಹೊರಗೆ ನಿಂತಿದ್ದ ಇನ್ನೊಂದು ಗಾಡಿಗೆ ಗೇಜು ಇಡೋಕೆ ಹೋದ.