ನೀಲಿಯ ಕಡೆ ಮೂರು ಗೆರೆ

ಶ್ರೀವಾಣಿಗೆ ಸುಶ್ರುತನ ಮೇಲೆ ಅನುಮಾನ ಹುಟ್ಟಿದ್ದು ಯಾವಾಗ ಅಂತ ಕೇಳಿದರೆ, ಅವನು ಬಂದ ದಿನವೇ ಅನ್ನಬೇಕು. ಪಾಪ, ಅವನು ಮಾಡಬಾರದ್ದೇನೂ ಮಾಡಿರಲಿಲ್ಲ. ರಬಾಳೆಯ ಆ ಲ್ಯಾಬಿಗೆ ಕಾಲಿಟ್ಟವನು ಪ್ಲಾಸ್ಮಾ ಮಶೀನಿನ ಸುತ್ತ ಒಂದು ಸುತ್ತು ಬಂದ, ಪಂಪಿನ ಸದ್ದಿಗೆ ಕಿವಿಗೊಟ್ಟ, ‘ಪರವಾಗಿಲ್ಲ, ಹಳೇದಾದ್ರೂ ಚೆನ್ನಾಗಿದೆ’ ಅಂದ. ಎಲ್ಲರ ಹಾಗೆ ಅದಕ್ಕೆ ಕೈ ಮುಗಿಯಲಿಲ್ಲ. ವರ್ಷಗಟ್ಟಲೆ ಆ ಮಶೀನನ್ನು ಹೆತ್ತ ಮಗುವಿನ ಹಾಗೆ ನೋಡಿಕೊಂಡವಳ ಎದುರು ನಿಂತು ‘ಪರವಾಗಿಲ್ಲ’ ಅಂದರೆ ಹೇಗಿರಬೇಡ! ಅವತ್ತೇ ಅವಳ ಮನಸ್ಸಿನಲ್ಲಿ ಒಂದು ಮುಳ್ಳು ಕೂತುಬಿಟ್ಟಿತು.

ಆ ಲ್ಯಾಬಿನ ಕೆಲಸ ಏನೆಂದು ಹೇಳಿಬಿಡಬೇಕು. ಮುರಿದ ಮೂಳೆ ಕೂಡಿಸಲು ಡಾಕ್ಟರುಗಳು ಟೈಟೇನಿಯಂ ಸ್ಕ್ರೂ ಹಾಕುತ್ತಾರಲ್ಲ, ಅದರ ಮೇಲೆ ಚಿನ್ನದ ಬಣ್ಣದ ತೆಳ್ಳನೆಯ ಪದರ ಹತ್ತಿಸುವ ಪ್ರಯೋಗ ಅಲ್ಲಿ ನಡೆಯುತ್ತಿತ್ತು. ಉಕ್ಕಿನ ಚೇಂಬರಿನಿಂದ ಗಾಳಿಯನ್ನೆಲ್ಲ ಹೀರಿ, ಒಂದಿಷ್ಟು ನೈಟ್ರೋಜನ್ ಬಿಟ್ಟು, ಕರೆಂಟು ಕೊಟ್ಟರೆ ಒಳಗೆ ನೇರಳೆ ಬೆಳಕು ತುಂಬಿಕೊಳ್ಳುತ್ತದೆ. ಅದೇ ಪ್ಲಾಸ್ಮಾ. ಆ ಬೆಳಕಿನಲ್ಲಿ ಮಿಂದು ಸ್ಕ್ರೂ ಬಂಗಾರವಾಗಿ ಹೊರಗೆ ಬರುತ್ತದೆ. ಪದರ ಗಟ್ಟಿಯಾಗಿ ಕೂತರೆ ಸರಿ. ಎದ್ದು ಬಂದರೆ ನಾಳೆ ಯಾರದೋ ಮೈಯೊಳಗೆ ಚೂರು ಉದುರುತ್ತದೆ. ಕೈಯ ಜಿಡ್ಡು ತಾಗಿದರೂ ಸಾಕು, ಪದರ ಕೂರುವುದಿಲ್ಲ. ಹಾಗಾಗಿ ಅಲ್ಲಿ ಬರಿಗೈಯಲ್ಲಿ ಸ್ಕ್ರೂ ಮುಟ್ಟುವುದು ಮಹಾಪರಾಧ.

ಲ್ಯಾಬ್ ನಡೆಸುವವರು ಪುಂಡರೀಕಾಕ್ಷ ಸರ್, ಉಡುಪಿ ಕಡೆಯವರು. ಠಾಣೆಯಲ್ಲಿ ಅವರ ತಂದೆಗೆ ಹೋಟೆಲಿತ್ತು. ಬೆಳಗಿನ ಮೊದಲ ಗಿರಾಕಿ ಕೊಟ್ಟ ನೋಟನ್ನು ಎರಡು ಕಣ್ಣಿಗೂ ಒತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕುವುದನ್ನು ನೋಡುತ್ತ ಬೆಳೆದವರು. ಫಿಸಿಕ್ಸಿನಲ್ಲಿ ಡಾಕ್ಟರೇಟ್ ಮಾಡಿದರೂ ಬೋಣಿಯ ಅಭ್ಯಾಸ ಎಲ್ಲಿ ಹೋಗುತ್ತದೆ? ದಿನದ ಮೊದಲ ಸ್ಕ್ರೂವನ್ನು ಕಣ್ಣಿಗೊತ್ತಿಕೊಂಡೇ ಅವರು ಚೇಂಬರಿಗೆ ಇಡುತ್ತಿದ್ದರು. ಮಂಡಿನೋವು ಜೋರಾಗಿ ಆಫೀಸಿನ ಕುರ್ಚಿ ಹಿಡಿದ ಮೇಲೆ ಆ ಕೆಲಸ ಶ್ರೀವಾಣಿಗೆ ಬಂತು. ಅವಳಿಗೆ ಅದು ಪ್ರಮೋಷನ್ನಿಗಿಂತ ದೊಡ್ಡದಾಗಿ ಕಂಡಿತ್ತು.

ಸುಶ್ರುತ ಸೇರಿದ್ದು ಬೇಸಿಗೆಯಲ್ಲಿ. ಸ್ಕ್ರೂಗಳನ್ನು ಅಸಿಟೋನಿನಲ್ಲಿ ತೊಳೆದು ಟ್ರೇಯಲ್ಲಿ ಜೋಡಿಸುವುದು ಅವನ ಪಾಲಿಗೆ, ಚೇಂಬರಿನೊಳಗೆ ಒಂದೊಂದಾಗಿ ತೂಗುಹಾಕುವುದು ಶ್ರೀವಾಣಿಯ ಪಾಲಿಗೆ. ಅವನು ಬಂದ ಕೆಲವೇ ವಾರಕ್ಕೆ ಗ್ರಹಚಾರ ಶುರುವಾಯಿತು. ಬಂಗಾರದಂತೆ ಹೊರಬಂದ ಸ್ಕ್ರೂಗೆ ಟೇಪು ಅಂಟಿಸಿ ಎಳೆದರೆ ಪದರ ಈರುಳ್ಳಿ ಸಿಪ್ಪೆಯ ಹಾಗೆ ಕಿತ್ತು ಬಂತು. ಒಂದು ದಿನ ಎರಡು ಕೆಟ್ಟರೆ ಇನ್ನೊಂದು ದಿನ ನಾಲ್ಕು. ಉಳಿದವು ಕಲ್ಲಿನ ಹಾಗೆ ಗಟ್ಟಿ.

ಪುಂಡರೀಕಾಕ್ಷ ಸರ್ ಎಲ್ಲರನ್ನೂ ಕರೆದು ಕೂರಿಸಿ, ‘ತೊಳೆದ ಮೇಲೆ ಯಾರಾದ್ರೂ ಮುಟ್ಟಿದ್ದು ಉಂಟಾ? ಇದ್ದದ್ದು ಇದ್ದ ಹಾಗೆ ಹೇಳಿ’ ಅಂತ ಕೇಳಿದರು.

‘ಇಲ್ಲ ಸರ್’ ಅಂದಳು ಶ್ರೀವಾಣಿ ಮೊದಲಿಗೆ. ಸುಶ್ರುತ ಅವಳ ಕಡೆ ಒಂದು ಗಳಿಗೆ ನೋಡಿ, ಆಮೇಲೆ ತಾನೂ ‘ಇಲ್ಲ ಸರ್’ ಅಂದ. ಆ ನೋಟ ಅವಳಿಗೆ ಹಿಡಿಸಲಿಲ್ಲ. ಸಿಕ್ಕಿಬಿದ್ದವನು ನೋಡುವ ಹಾಗೆ ನೋಡಿದ ಅನ್ನಿಸಿತು.

ಅನುಮಾನಕ್ಕೆ ಒಂದು ಸಲ ಕಾಲು ಬಂದರೆ ಮುಗಿಯಿತು, ಹೋದಲ್ಲೆಲ್ಲ ಹಿಂದೆ ಬರುತ್ತದೆ. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಟ್ರೇನಿನಲ್ಲಿ ಒಂಟಿಕಾಲಲ್ಲಿ ನಿಂತು ಬರುವಾಗಲೂ ಅವಳಿಗೆ ಅದೇ ಧ್ಯಾನ. ಅವನು ಹಿಂದೆ ಇದ್ದದ್ದು ಇದೇ ಕೆಲಸ ಮಾಡುವ ಇನ್ನೊಂದು ಕಂಪನಿಯಲ್ಲಿ. ಅಲ್ಲಿಂದ ಯಾಕೆ ಬಿಟ್ಟು ಬಂದ? ಮಧ್ಯಾಹ್ನ ಊಟ ಬಿಟ್ಟು ಫೋನಿನಲ್ಲಿ ಅಷ್ಟು ಹೊತ್ತು ಯಾರ ಹತ್ತಿರ ಮಾತಾಡುತ್ತಾನೆ? ಲ್ಯಾಬ್ ಗುಡಿಸಿ ಒರೆಸುವ ದಾನಮ್ಮ, ವಿಜಯಪುರದವಳು, ತಾನೂ ಒಂದು ಒಗ್ಗರಣೆ ಹಾಕಿದಳು. ‘ಆ ಸಾಹೇಬ ಮಶೀನಿಗೆ ಕೈ ಸೈತ ಮುಗಿಯಂಗಿಲ್ರಿ ಬಾಯಾರ. ನನಗಂತೂ ಛಲೋ ಕಾಣವಲ್ದು.’ ಮನೆಯಲ್ಲಿ ಅಮ್ಮ ವನಮಾಲಾ ಬೇರೆ. ‘ಅವನ ಯೋಚನೆಯಲ್ಲೇ ನಿನ್ನ ಮುಖದ ಮೇಲೆ ಬಂಗು ಜಾಸ್ತಿಯಾಗಿದ್ದು’ ಅಂತ ಚರ್ಮದ ಡಾಕ್ಟರ ಕ್ರೀಮನ್ನು ದಿನಾ ಬೆಳಗ್ಗೆ ಎದುರು ನಿಂತು ಹಚ್ಚಿಸುತ್ತಿದ್ದರು. ಅನುಮಾನದಿಂದ ಬಂಗು ಬರುತ್ತದೆಂದು ಯಾವ ಡಾಕ್ಟರೂ ಹೇಳಿಲ್ಲ, ಆದರೆ ವನಮಾಲಮ್ಮನ ಎದುರು ವಾದ ಮಾಡುವವರು ಯಾರು?

ಕಡೆಗೆ ಶ್ರೀವಾಣಿ ಲೇಸರಿನ ಮೊರೆ ಹೋದಳು. ಲೋಹದ ಮೇಲೆ ಲೇಸರಿನ ಒಂದು ಏಟು ಬಿದ್ದರೆ ಆ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಕಿಡಿ ಏಳುತ್ತದೆ. ಅದೂ ಪ್ಲಾಸ್ಮಾವೇ. ಆ ಕಿಡಿಯ ಬೆಳಕನ್ನು ಬಿಡಿಸಿ ನೋಡಿದರೆ ಅಲ್ಲಿ ಏನೇನಿತ್ತು ಅನ್ನುವುದು ಗೊತ್ತಾಗುತ್ತದೆ. ಒಂದೊಂದು ಧಾತುವಿಗೂ ಅದರದೇ ಬಣ್ಣದ ಗೆರೆಗಳು. ಪದರ ಎದ್ದ ಜಾಗಕ್ಕೆ ಅವಳು ಲೇಸರ್ ಹೊಡೆದಳು. ಟೈಟೇನಿಯಂ ಗೆರೆಗಳ ಗುಂಪಿನ ನಡುವೆ, ನೀಲಿಯ ಕಡೆ, ಇರಬಾರದ ಮೂರು ಗೆರೆ ಎದ್ದು ನಿಂತವು. ಜಿಂಕ್!

ಜಿಂಕ್ ಎಲ್ಲಿಂದ ಬಂತು? ಅವಳಿಗೆ ತಟ್ಟನೆ ಹೊಳೆಯಿತು. ರಬ್ಬರ್ ಗ್ಲೌಸ್ ಹಾಕಿ ಹಾಕಿ ಸುಶ್ರುತನ ಕೈ ಕೆರೆದು ಕೆಂಪಗಾಗಿತ್ತು. ಚಹಾ ಹೊತ್ತಿನಲ್ಲಿ ಬೆರಳ ಸಂದಿಗೆ ಬಿಳೀ ಮುಲಾಮು ಹಚ್ಚಿಕೊಳ್ಳುತ್ತಿದ್ದ. ‘ಅಬ್ಬಾ, ಸಿಕ್ಕಿಬಿದ್ದೆಯಾ!’ ಅಂದುಕೊಂಡಳು. ನಿಜ ಹೇಳಬೇಕೆಂದರೆ ಅವಳಿಗೆ ಆ ಕ್ಷಣ ಆದದ್ದು ಬೇಸರವಲ್ಲ, ಖುಷಿ.

ಎಲ್ಲರ ಎದುರು ಅವನ ಮುಲಾಮಿನ ಟ್ಯೂಬು ತರಿಸಿದಳು. ಜಿಂಕ್ ಆಕ್ಸೈಡ್ ಅಂತ ಅದರ ಮೇಲೇ ಬರೆದಿತ್ತು. ಒಂದು ಹೊಸ ಸ್ಕ್ರೂಗೆ ಅದನ್ನು ಸವರಿ ಲೇಸರ್ ಹೊಡೆದಳು. ಅದೇ ಮೂರು ಗೆರೆ. ಇನ್ನೇನು ಬೇಕು?

‘ಮೇಡಂ, ಗ್ಲೌಸ್ ಇಲ್ಲದೆ ನಾನು ಒಂದು ಪೀಸೂ ಮುಟ್ಟಿಲ್ಲ’ ಅಂದ ಸುಶ್ರುತ. ‘ಜಿಂಕ್ ಬೇರೆ ಕಡೆಯಿಂದಲೂ ಬಂದಿರಬಹುದು. ಒಂದ್ಸಲ ನೋಡಿ.’

‘ಬೇರೆ ಕಡೆ ಅಂದ್ರೆ ಎಂತದು? ನಮ್ಮ ತಲೆಗೆ ಕಟ್ಟುವ ಅಂತಲಾ?’ ಸರ್ ನಡುವೆ ತಡೆದರು.

ಅವನು ಶ್ರೀವಾಣಿಯ ಕಡೆ ನೋಡಿ, ಟ್ಯೂಬನ್ನು ಜೇಬಿಗೆ ಹಾಕಿಕೊಂಡ.

‘ಅಜಾಗರೂಕತೆ ಆದ್ರೆ ಕ್ಷಮಿಸಬಹುದು ಮಾರಾಯ’ ಅಂದರು ಪುಂಡರೀಕಾಕ್ಷ ಸರ್. ‘ಮುಟ್ಟಿ, ಮುಟ್ಟಲೇ ಇಲ್ಲ ಅಂತ ಸುಳ್ಳು ಹೇಳುವವನನ್ನು ಲ್ಯಾಬಲ್ಲಿ ಹೇಗೆ ಇಟ್ಟುಕೊಳ್ಳುವುದು? ನಾಳೆಯಿಂದ ಬರುವುದು ಬೇಡ.’

ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ಊರೆಲ್ಲ ಹುಡುಕಿದರೂ ಬೆರಳೆಣಿಕೆಯಷ್ಟು ಜನ. ಒಂದು ಕಡೆ ಸುಳ್ಳುಗಾರ ಅನ್ನಿಸಿಕೊಂಡವನ ಅಳತೆಯನ್ನು ಇನ್ನೊಂದು ಕಡೆ ಯಾರೂ ನಂಬುವುದಿಲ್ಲ. ಅಳತೆ ನಂಬದ ಮೇಲೆ ಆ ವಿಜ್ಞಾನಿ ಯಾತಕ್ಕೆ? ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವನು ಬ್ಯಾಗು ಹೆಗಲಿಗೇರಿಸಿ ಯಾರಿಗೂ ಹೇಳದೆ ಹೊರಟ.

ಮರುದಿನ ಶ್ರೀವಾಣಿ ತಾನೇ ತೊಳೆದಳು, ತಾನೇ ಜೋಡಿಸಿದಳು, ತಾನೇ ತೂಗುಹಾಕಿದಳು. ಸಂಜೆ ಟೇಪು ಎಳೆದರೆ ಮೂರು ಸ್ಕ್ರೂಗಳ ಪದರ ಅನಾಮತ್ತು ಕಿತ್ತು ಬಂತು. ಲೇಸರ್ ಹೊಡೆದರೆ ಮತ್ತೆ ಜಿಂಕ್.

ಇಷ್ಟಾದರೂ ಅನುಮಾನ ಬಿಡಬೇಕಲ್ಲ! ಹೋಗುವಾಗ ಅಸಿಟೋನಿಗೆ ಏನೋ ಕಲಸಿ ಹೋಗಿದ್ದಾನೆ ಅಂದುಕೊಂಡು, ಸರ್‌ಗೂ ಹಾಗೇ ಹೇಳಿ, ಕ್ಯಾನ್ ಪೂರ್ತಿ ಬದಲಿಸಿದಳು. ಟ್ರೇ ಹೊಸದು ತಂದಳು. ಮತ್ತೂ ಕೆಟ್ಟಿತು. ಆಗ ಹಠ ಹಿಡಿದು ಹೆಜ್ಜೆಹೆಜ್ಜೆಗೂ ಲೇಸರ್ ಹೊಡೆಯುತ್ತ ಬಂದಳು. ತೊಳೆದ ಮೇಲೆ ಹೊಡೆದಳು: ಜಿಂಕ್ ಇಲ್ಲ. ಟ್ರೇಯಲ್ಲಿಟ್ಟು ಹೊಡೆದಳು: ಇಲ್ಲ. ಚಿಮಟದಲ್ಲಿ ಹಿಡಿದದ್ದಕ್ಕೆ ಹೊಡೆದಳು: ಇಲ್ಲ. ಇನ್ನು ಉಳಿದದ್ದು ತೂಗುಹಾಕುವುದೊಂದೇ. ಗ್ಲೌಸ್ ಹಾಕಿದ ಕೈಯಲ್ಲಿ ಸ್ಕ್ರೂವನ್ನು ಎತ್ತಿಕೊಂಡಳು. ಕೈ ತನ್ನಷ್ಟಕ್ಕೆ ಮೇಲೆ ಹೋಯಿತು, ಎಡಗಣ್ಣಿಗೆ ಒತ್ತಿತು, ಬಲಗಣ್ಣಿಗೆ ಒತ್ತಿತು, ಕೆಳಗಿಳಿಯಿತು. ಅಲ್ಲೇ ನಿಂತುಬಿಟ್ಟಳು.

ಲೇಸರ್ ಹೊಡೆದಳು. ನೀಲಿಯ ಕಡೆ ಮೂರು ಗೆರೆ.

ಬಾತ್‌ರೂಮಿಗೆ ಓಡಿ ಕನ್ನಡಿ ನೋಡಿಕೊಂಡಳು. ರೆಪ್ಪೆಯ ಮೇಲೆ, ಹುಬ್ಬಿನ ಅಂಚಿನಲ್ಲಿ, ಬಂಗಿನ ಕ್ರೀಮು ಬೆಳ್ಳಗೆ ಮೆತ್ತಿಕೊಂಡಿತ್ತು. ಬಿಸಿಲು ತಡೆಯಲೆಂದು ಅದಕ್ಕೆ ಹಾಕಿದ್ದೇ ಜಿಂಕ್. ಡಾಕ್ಟರು ಅದನ್ನು ಕೊಟ್ಟದ್ದು, ಸ್ಕ್ರೂ ಕೆಡಲು ಶುರುವಾದ ಆ ದಿನಗಳಲ್ಲೇ. ಸ್ಕ್ರೂವಿಗೂ ಹತ್ತಿತ್ತು, ಗ್ಲೌಸಿಗೂ ಹತ್ತಿತ್ತು, ಗ್ಲೌಸಿನಿಂದ ಮುಂದಿನ ಒಂದೆರಡಕ್ಕೆ, ಒಮ್ಮೊಮ್ಮೆ ಮೂರಕ್ಕೆ ದಾಟಿತ್ತು. ‘ಯಾರಾದ್ರೂ ಮುಟ್ಟಿದ್ದು ಉಂಟಾ’ ಅಂದಾಗ ಅವಳು ಇಲ್ಲ ಅಂದದ್ದು ಸುಳ್ಳಲ್ಲ. ಕಣ್ಣಿಗೊತ್ತಿಕೊಳ್ಳುವುದನ್ನು ಮುಟ್ಟುವುದು ಅಂತ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಸರ್ ಹಿಡಿದಿರಲಿಲ್ಲ, ದಾನಮ್ಮ ಹಿಡಿದಿರಲಿಲ್ಲ. ಅದು ನಮಸ್ಕಾರ. ಶ್ರೀವಾಣಿ ಗ್ಲೌಸ್ ಕಿತ್ತು ಕಸದ ಬುಟ್ಟಿಗೆ ಎಸೆದಳು. ನಲ್ಲಿ ಬಿಟ್ಟು ಮುಖ ಉಜ್ಜಿದಳು, ಚರ್ಮ ಉರಿಯುವವರೆಗೂ ಉಜ್ಜಿದಳು.

ಅವತ್ತಿನ ಸ್ಕ್ರೂಗಳೆಲ್ಲ ಅಪ್ಪಟ ಬಂಗಾರ. ಒಂದೂ ಕೆಡಲಿಲ್ಲ. ಪುಂಡರೀಕಾಕ್ಷ ಸರ್ ಕೋಲೂರಿಕೊಂಡು ಬಂದು ನೋಡಿ, ‘ಪೀಡೆ ತೊಲಗಿತು ನೋಡು. ನೀನು ಹಿಡಿದದ್ದೇ ಸರಿ ಆಯ್ತು’ ಅಂದರು. ದಾನಮ್ಮ ದೃಷ್ಟಿ ತೆಗೆದಳು. ಶ್ರೀವಾಣಿ ನಕ್ಕಳು, ನಗಬೇಕಾಗಿತ್ತು. ಅವಳು ಇನ್ನು ಬಾಯಿ ಬಿಡದಿದ್ದರೆ ಸಾಕು. ದಿನದಿಂದ ದಿನಕ್ಕೆ ಒಳ್ಳೆಯ ಸ್ಕ್ರೂಗಳು ಬರುತ್ತವೆ, ಒಂದೊಂದು ಒಳ್ಳೆಯ ಸ್ಕ್ರೂವೂ ಸುಶ್ರುತ ಸುಳ್ಳುಗಾರ ಅಂತ ಸಾಕ್ಷಿ ಹೇಳುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಥೂ, ಎಂಥ ಹೆಂಗಸು ನಾನು ಅಂತ ತನ್ನನ್ನೇ ಬೈದುಕೊಂಡು ಸುಶ್ರುತನ ಮನೆಗೆ ಹೊರಟಳು.

ಸುಶ್ರುತ ಇದ್ದದ್ದು ಪಕ್ಕದ ಘಣಸೋಲಿಯ ಹಳೇ ಊರಿನ ಒಂದು ಓಣಿಯಲ್ಲಿ, ಮೇಲಿನ ಕೋಣೆಯಲ್ಲಿ. ಬಾಗಿಲು ತೆರೆದವನು ಅವಳನ್ನು ನೋಡಿ ‘ಬನ್ನಿ’ ಅನ್ನಲಿಲ್ಲ. ಹಿಂದೆ ಕಟ್ಟಿದ ಸೂಟ್‌ಕೇಸು ಕಾಣುತ್ತಿತ್ತು. ಅವಳು ಹೊಸ್ತಿಲಾಚೆಯೇ ನಿಂತು ಎಲ್ಲವನ್ನೂ ಹೇಳಿದಳು, ಕ್ರೀಮು, ಕಣ್ಣು, ಗ್ಲೌಸು, ಒಂದನ್ನೂ ಬಿಡದೆ.

‘ಗೊತ್ತಿತ್ತು’ ಅಂದ ಸುಶ್ರುತ.

‘ಗೊತ್ತಿತ್ತಾ?’

‘ಕ್ರೀಮ್ ಗೊತ್ತಿರಲಿಲ್ಲ. ನೀವು ದಿನಾ ಕಣ್ಣಿಗೆ ಒತ್ತೋದು ನೋಡ್ತಿದ್ದೆ. ಅದರ ಮೇಲೇ ಅನುಮಾನ ಇತ್ತು. ಹೇಳಿದ್ರೆ ಏನಂತಿದ್ರಿ? ದೇವರು ದಿಂಡರು ಇಲ್ಲದವನು, ಈಗ ನಮ್ಮ ನಮಸ್ಕಾರಕ್ಕೇ ಕೈ ಹಾಕ್ದ ಅಂತಿದ್ರಿ.’

ಅವನು ಹೇಳಿದ್ದು ಅಕ್ಷರಶಃ ನಿಜ.

‘ನನ್ನನ್ನ ಸುಳ್ಳುಗಾರ ಅಂದಿದ್ದು ಎಲ್ಲರ ಮುಂದೆ ಮೇಡಂ. ಇಲ್ಲಿ ಮೆಟ್ಟಿಲ ಮೇಲೆ ನಿಂತು ಸಾರಿ ಅಂದ್ರೆ ಯಾರಿಗೆ ಕೇಳಿಸುತ್ತೆ?’

ಶ್ರೀವಾಣಿ ಅಲ್ಲೇ ಫೋನ್ ತೆಗೆದು, ಸ್ಪೀಕರ್ ಹಾಕಿ, ಪುಂಡರೀಕಾಕ್ಷ ಸರ್‌ಗೆ ಹಚ್ಚಿದಳು. ಅವನಿಗೆ ಹೇಳಿದ್ದನ್ನೇ ಅವರಿಗೂ ಹೇಳಿದಳು.

‘ಈಗ ಗೊತ್ತಾಯ್ತಲ್ಲ, ಮುಖ ತೊಳೆದುಕೊಂಡು ಕೆಲಸ ಮಾಡು’ ಅಂದರು ಸರ್, ತಗ್ಗಿದ ದನಿಯಲ್ಲಿ. ‘ಹುಡುಗ ಹೇಗೂ ಹೋಗಿ ಆಯ್ತು. ಸ್ಕ್ರೂ ಕೊಳ್ಳುವ ಪಾರ್ಟಿಯವರು ನೋಡಲಿಕ್ಕೆ ಬರ್ತಾರೆ, ನಮ್ಮ ದೊಡ್ಡ ವಿಜ್ಞಾನಿಯ ಮುಖದ ಕ್ರೀಮು ಅಂತ ಹೇಳಲಿಕ್ಕೆ ಆಗ್ತದಾ? ಯಾರ ಹತ್ತಿರವೂ ಬಾಯಿ ಬಿಡಬೇಡ ಮಾರಾಯ್ತಿ. ತಪ್ಪು ಅವನ ಹೆಸರಲ್ಲೇ ಇರಲಿ.’

ಸುಶ್ರುತ ಅಲುಗಾಡದೆ ನಿಂತಿದ್ದ. ತನಗೆ ಫಿಸಿಕ್ಸ್ ಕಲಿಸಿದವರು, ಸ್ಕ್ರೂವನ್ನು ಕಣ್ಣಿಗೊತ್ತಿಕೊಳ್ಳಲು ಕಲಿಸಿದವರು ಇವರೇನಾ ಅನ್ನಿಸಿತು ಶ್ರೀವಾಣಿಗೆ.

‘ಸರ್, ಸ್ಪೀಕರ್‌ನಲ್ಲಿದ್ದೀರಿ. ಸುಶ್ರುತ ನನ್ನ ಎದುರೇ ಇದ್ದಾರೆ’ ಅಂದಳು. ‘ನಾಳೆ ಎಲ್ಲರ ಮುಂದೆ ನನ್ನ ಕ್ರೀಮನ್ನು ಸ್ಕ್ರೂಗೆ ಸವರಿ ಲೇಸರ್ ಹೊಡೆಯುತ್ತೇನೆ. ಪಾರ್ಟಿಯವರು ಕೇಳಿದರೆ ಅವರಿಗೂ ಹೇಳುತ್ತೇನೆ. ಬೇಡ ಅಂದರೆ ನಾನೂ ಬರುವುದಿಲ್ಲ.’

ಆ ಕಡೆಯಿಂದ ಕುರ್ಚಿ ಸರಿದ ಸದ್ದು ಕೇಳಿಸಿತು. ‘ಫೋನ್ ಅವನಿಗೆ ಕೊಡು’ ಅಂದರು ಸರ್.

‘ಕೇಳಿಸ್ತಿದೆ ಸರ್’ ಅಂದ ಸುಶ್ರುತ.

‘ತಪ್ಪಾಯ್ತು ಮಾರಾಯ. ನಾಳೆಯಿಂದ ಬಾ.’

‘ಇಲ್ಲ ಸರ್. ಇನ್ನೊಂದು ದಿನ ಇನ್ನೇನೋ ಕೆಡುತ್ತೆ. ಆವತ್ತು ಮತ್ತೆ ಮೊದಲು ನನ್ನ ಕೈ ನೋಡ್ತೀರಿ.’ ಅಷ್ಟು ಹೇಳಿ, ಅವಳ ಕೈಯಲ್ಲಿದ್ದ ಫೋನನ್ನು ತಾನೇ ಕಟ್ ಮಾಡಿದ.

‘ನಾಳೆ ನೀವೂ ಬನ್ನಿ, ನೋಡಲಿಕ್ಕಾದ್ರೂ’ ಅಂದಳು ಶ್ರೀವಾಣಿ.

‘ಬರಲ್ಲ. ನನಗೆ ಬೇಕಾಗಿರೋದು ಒಂದೇ. ಮುಂದೆ ನಾನು ಎಲ್ಲಿಗೆ ಹೋದ್ರೂ ಅವರು ನಿಮ್ಮ ಲ್ಯಾಬಿಗೆ ಫೋನ್ ಮಾಡ್ತಾರೆ, ಇವನು ಹೇಗೆ ಅಂತ. ಆ ಫೋನ್ ನೀವೇ ಎತ್ತಬೇಕು. ಸರ್ ಅಲ್ಲ, ನೀವು.’

‘ನಾನೇ ಎತ್ತುತ್ತೇನೆ. ಆದದ್ದು ಆದ ಹಾಗೇ ಹೇಳುತ್ತೇನೆ.’

ಸುಶ್ರುತ ಬಾಗಿಲಿನ ಮೇಲೆ ಕೈಯಿಟ್ಟು ಅವಳ ಮುಖವನ್ನೇ ನೋಡುತ್ತ ನಿಂತ. ನಂಬಲೋ ಬೇಡವೋ ಅನ್ನುವುದು ಅವನ ಕಣ್ಣಲ್ಲಿ ಢಾಳಾಗಿ ಕಾಣುತ್ತಿತ್ತು, ಅದನ್ನು ಅವಳಿಂದ ಮುಚ್ಚಿಡುವ ಗೋಜಿಗೂ ಅವನು ಹೋಗಲಿಲ್ಲ.